ಗಣಕಯಂತ್ರಕ್ಕೆ ಎಷ್ಟು ಸ್ಮೃತಿ ಬೇಕು?

೨೦೨೫ನೆಯ ಇಸವಿಯ ಗೌರಿಹಬ್ಬ ಕಳೆದು ಕೆಲವು ದಿನಗಳಾಗಿದ್ದವು. ನಮ್ಮ ನಡುಮನೆಯಲ್ಲಿರುವ ಗಣಕಯಂತ್ರವು ಒಂದು ಬೆಳಗ್ಗೆ ಎಂದಿನಂತೆ ತೆರೆದುಕೊಳ್ಳದೆ, ತೆರೆಯ ತುಂಬ ಒಂದು ಪ್ರಕಟನೆಯನ್ನು ಹರಡಿಕೊಂಡು ನಿಂತಿತು. ಯಂತ್ರವನ್ನು ನಡೆಯಿಸುತ್ತಿರುವ ವಿಂಡೋಸ್ ೧೦ ಎಂಬ ವ್ಯವಸ್ಥೆಗೆ ಅಕ್ಟೋಬರ್ ೧೪ನೆಯ ತಾರೀಖಿನಿಂದಾಚೆಗೆ ರಕ್ಷಣೆಯ ತಿದ್ದುಪಡಿಗಳು ದೊರೆಯಲಾರವೆಂದೂ, ಹೊಸದಾದ ವಿಂಡೋಸ್ ೧೧ಕ್ಕೆ ಏರುವ ಯೋಗ್ಯತೆ ಈ ಯಂತ್ರಕ್ಕೆ ಇಲ್ಲವೆಂದೂ ಅದರ ತಾತ್ಪರ್ಯ. ಮೂವತ್ತು ವರ್ಷಗಳ ಕಾಲ ಹುಡುಗರ ಹೆಸರಿನ ಮುಂದೆ ಉತ್ತೀರ್ಣ, ಅನುತ್ತೀರ್ಣ ಎಂದು ಬರೆದವರು ನಾವು. ನಮ್ಮ ಮನೆಯ ವಸ್ತುವೇ ಒಂದು ಪರೀಕ್ಷೆಯಲ್ಲಿ ಹೀಗೆ ಅನುತ್ತೀರ್ಣವಾದುದನ್ನು ಕಂಡು ಸ್ವಲ್ಪ ಕಸಿವಿಸಿಯಾಯಿತೆಂದರೆ ವಾಚಕರು ನಗಬಾರದು.

ಆ ಯಂತ್ರ ೨೦೧೬ರಲ್ಲಿ ಕೊಂಡದ್ದು. ಮನೆಗೆ ಅದೊಂದೇ, ಅದನ್ನು ನೆಚ್ಚಿಕೊಂಡವರು ಮೂವರು. ಮಗನು ದೂರದ ಊರಿನಲ್ಲಿ ಉದ್ಯೋಗದಲ್ಲಿರುವುದರಿಂದ ಸೊಸೆಯು ನಮ್ಮೊಡನೆ ಇದ್ದುಕೊಂಡು, ಎರಡು ಮೂರು ಅಂಗಡಿಗಳವರ ಲೆಕ್ಕಪತ್ರಗಳನ್ನು ಮನೆಯಿಂದಲೇ ಬರೆದುಕೊಡುತ್ತಾಳೆ. ತಿಂಗಳ ಇಪ್ಪತ್ತನೆಯ ತಾರೀಖಿನೊಳಗೆ ಅವರ ಜಿ.ಎಸ್.ಟಿ. ವಿವರವನ್ನು ಒಪ್ಪಿಸಲೇಬೇಕು. ಅಂದು ಯಂತ್ರವು ಕೈಕೊಟ್ಟರೆ ದಂಡ ತೆರುವವರು ಅಂಗಡಿಯವರು, ಮಾತು ಕೇಳಬೇಕಾದವಳು ಇವಳು. ಮೊಮ್ಮಗನಿಗೆ ಅದರಲ್ಲಿ ಪಾಠವುಂಟು, ಪಾಠಕ್ಕಿಂತ ಹೆಚ್ಚಾಗಿ ಆಟವೂ ಉಂಟು. ಇನ್ನು ನಾವು, ನಿವೃತ್ತರಾದಂದಿನಿಂದ, ಸಂಸ್ಕೃತದಿಂದ ಕನ್ನಡಕ್ಕೆ ಇಳಿದು ಬಂದು ಅರ್ಥ ಬದಲಿಸಿಕೊಂಡ ಪದಗಳ ಪಟ್ಟಿಯೊಂದನ್ನು ಅದರಲ್ಲಿ ಸಿದ್ಧಪಡಿಸುತ್ತಿದ್ದೇವೆ. ಈ ಮೂರನೆಯ ಕೆಲಸ ನಿಂತರೆ ಲೋಕಕ್ಕೆ ನಷ್ಟವಿಲ್ಲ. ಮೊದಲನೆಯದು ನಿಂತರೆ ಮನೆಗೆ ನಷ್ಟವುಂಟು.

ಯಂತ್ರವನ್ನು ಹೊತ್ತುಕೊಂಡು ಪೇಟೆಯ ಒಂದು ಅಂಗಡಿಗೆ ಹೋದೆವು. ಅಲ್ಲಿಯ ತರುಣನು ಕ್ಷಣಮಾತ್ರ ನೋಡಿ, "ಮೆಮೊರಿ ಸಾಲದು ಸ್ವಾಮಿ. ನಾಲ್ಕು ಜಿ.ಬಿ. ಇದೆ, ಎಂಟು ಮಾಡಿಸಿಬಿಡಿ, ಹೊಸದು ಹತ್ತುತ್ತೆ" ಎಂದನು. ಕೂಲಿಯೂ ಸೇರಿ ಸಾವಿರದ ಎಂಟುನೂರು ರೂಪಾಯಿ ಕೊಟ್ಟು ಎಂಟು ಮಾಡಿಸಿದೆವು. ಮನೆಗೆ ಬಂದು ಹಚ್ಚಿದರೆ ಅದೇ ಪ್ರಕಟನೆ, ಅದೇ ನಿರಾಕರಣೆ. ಮಾರನೆಯ ದಿನ ಹೋಗಿ ಕೇಳಿದಾಗ, "ಹಾಗಾದರೆ ಹೊಸ ಯಂತ್ರವನ್ನೇ ತಗೊಳ್ಳಿ, ಐವತ್ತೈದು ಸಾವಿರದಲ್ಲಿ ಚೆನ್ನಾಗಿರೋದು ಕೊಡ್ತೀನಿ" ಎಂಬ ಉತ್ತರ ಬಂತು. ಅಂಗಡಿಯ ಹೆಸರನ್ನು ನಾವಿಲ್ಲಿ ಬರೆಯುವುದಿಲ್ಲ. ಆತನು ಮೋಸಗಾರನೆಂದು ನಮಗೆ ತೋರಲಿಲ್ಲ. ವಿಚಾರಿಸದೆ ಹೇಳಿದನು, ನಾವು ವಿಚಾರಿಸದೆ ಕೊಟ್ಟೆವು. ನಿವೃತ್ತಿಯ ಹಣ ಬ್ಯಾಂಕಿನಲ್ಲಿತ್ತು. ಅದನ್ನು ತೆಗೆದು ಹೊಸದನ್ನೇ ತಂದುಬಿಡೋಣವೆಂದು ನಮ್ಮ ಮನಸ್ಸು. "ಮಾವಯ್ಯ, ಯಾಕೆ ಆಗೋದಿಲ್ಲ ಅನ್ನೋದು ಗೊತ್ತಾಗದೆ ದುಡ್ಡು ಹಾಕೋದು ಬೇಡ" ಎಂದು ಸೊಸೆಯು ತಡೆದಳು. ಅವಳ ಮಾತೇ ಸರಿಯಾಗಿತ್ತು. ಆಮೇಲೆ ವಿಚಾರಿಸಿ ತಿಳಿದದ್ದನ್ನು, ಇಂತಹುದೇ ಪೇಚಿನಲ್ಲಿರುವ ಮನೆಗಳಿಗೆ ಪ್ರಯೋಜನವಾಗಬಹುದೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಆ ನಿರಾಕರಣೆಯ ಸಂಗತಿ. ೨೦೨೧ರ ಅಕ್ಟೋಬರ್ ೫ರಂದು ಹೊರಬಂದ ವಿಂಡೋಸ್ ೧೧ಕ್ಕೆ ಮೈಕ್ರೋಸಾಫ್ಟ್ ಕಂಪೆನಿಯವರು ವಿಧಿಸಿರುವ ಕನಿಷ್ಠ ಸ್ಮೃತಿ ನಾಲ್ಕು ಗಿಗಾಬೈಟು. ನಮ್ಮ ಯಂತ್ರದಲ್ಲಿ ಅದು ಮೊದಲಿನಿಂದಲೂ ಇತ್ತು! ಅಡ್ಡಿಯಾದದ್ದು ಸ್ಮೃತಿಯಲ್ಲ, ಸಂಸ್ಕಾರಕ, ಎಂದರೆ ಪ್ರೊಸೆಸರು. ಇಂಟೆಲ್ ಕಂಪೆನಿಯ ಪ್ರೊಸೆಸರುಗಳಲ್ಲಿ ಎಂಟನೆಯ ಪೀಳಿಗೆಯಿಂದ ಈಚಿನವನ್ನು ಮಾತ್ರವೇ ಬಹುಮಟ್ಟಿಗೆ ಅಂಗೀಕರಿಸಿದ್ದಾರೆ. ನಮ್ಮದು ಆರನೆಯ ಪೀಳಿಗೆಯದು. ಇದಲ್ಲದೆ ಗುಟ್ಟಿನ ಬೀಗದ ಕೈಗಳನ್ನು ಕಾಪಾಡುವ ಟಿ.ಪಿ.ಎಂ. ೨.೦ ಎಂಬ ಅಂಗವೊಂದು ಇರಬೇಕು, ಡಿಸ್ಕಿನಲ್ಲಿ ೬೪ ಗಿಗಾಬೈಟು ಜಾಗವಿರಬೇಕು, ಹೀಗೆ ನಿಬಂಧನೆಗಳು ಇನ್ನೂ ಇವೆ. ಯಾವ ಕಾರಣದಿಂದ ಅನುತ್ತೀರ್ಣವೆಂಬುದನ್ನು ತಿಳಿಸಲು ಕಂಪೆನಿಯವರೇ ಪಿಸಿ ಹೆಲ್ತ್ ಚೆಕ್ ಎಂಬ ಒಂದು ಸಾಧನವನ್ನು ಉಚಿತವಾಗಿ ಕೊಡುವರು. ಅದನ್ನು ಹತ್ತು ನಿಮಿಷ ಓಡಿಸಿ ನೋಡಿದ್ದರೆ ನಮ್ಮ ಸಾವಿರದ ಎಂಟುನೂರು ಉಳಿಯುತ್ತಿತ್ತು.

ಹಾಗಾದರೆ ಆ ಹಣ ವ್ಯರ್ಥವಾಯಿತೇ ಎಂದರೆ, ಇಲ್ಲ. ಆಶ್ಚರ್ಯವೇನೆಂದರೆ ಯಂತ್ರವು ಹಳೆಯ ವಿಂಡೋಸಿನಲ್ಲಿಯೇ ಚುರುಕಾಗಿ ನಡೆಯತೊಡಗಿತು. ಅದೇಕೆಂಬುದನ್ನು ತಿಳಿಯಬೇಕಾದರೆ ಈ ಸ್ಮೃತಿಯೆಂಬುದು ಏನೆಂದು ನೋಡಬೇಕು.

ಅಂಗಡಿಗೆ ಹೋದರೆ ಒಂದೇ ಚೀಟಿಯಲ್ಲಿ ಒಂದು ಕಡೆ ಎಂಟು ಜಿ.ಬಿ. ಎಂದೂ ಮತ್ತೊಂದು ಕಡೆ ಐನೂರ ಹನ್ನೆರಡು ಜಿ.ಬಿ. ಎಂದೂ ಬರೆದಿರುವುದು, ಎರಡನ್ನೂ ಜನರು ಮೆಮೊರಿಯೆಂದೇ ಕರೆಯುವರು. ನಮ್ಮ ನೈಯಾಯಿಕರು ಈ ವಿಷಯದಲ್ಲಿ ಹೆಚ್ಚು ಎಚ್ಚರಿಕೆಯುಳ್ಳವರಾಗಿದ್ದರು. ಒಮ್ಮೆ ಕಂಡದ್ದು, ಕೇಳಿದ್ದು ಒಳಗೆ ಉಳಿಸಿಹೋಗುವ ಮುದ್ರೆಗೆ ಸಂಸ್ಕಾರವೆಂದು ಹೆಸರಿಟ್ಟರು. ಆ ಸಂಸ್ಕಾರದಿಂದ ಈ ಕ್ಷಣದಲ್ಲಿ ಎಚ್ಚತ್ತು ಬರುವ ಜ್ಞಾನಕ್ಕೆ ಸ್ಮೃತಿಯೆಂದು ಬೇರೆ ಹೆಸರಿಟ್ಟರು. ಮನುಷ್ಯನಲ್ಲಿ ಸಂಸ್ಕಾರಗಳು ಎಷ್ಟೋ ಇರುವುವು, ಆದರೆ ಒಂದು ಸಲಕ್ಕೆ ಸ್ಮರಣೆಗೆ ಬರುವುದು ಸ್ವಲ್ಪ. ಯಂತ್ರದ ಡಿಸ್ಕಿನಲ್ಲಿ ಮಲಗಿರುವುದೆಲ್ಲ ಸಂಸ್ಕಾರದ ಸ್ಥಾನದ್ದು. ರ‍್ಯಾಮ್ ಎಂಬಲ್ಲಿಗೆ ಎದ್ದುಬಂದು ಕೆಲಸಕ್ಕೆ ನಿಂತದ್ದು ಸ್ಮೃತಿ. ಈ ಲೇಖನದಲ್ಲಿ ಸ್ಮೃತಿಯೆಂದಲ್ಲೆಲ್ಲ ರ‍್ಯಾಮ್ ಎಂದೇ ತಿಳಿಯತಕ್ಕದ್ದು.

ತರ್ಕ ಬೇಡವೆನ್ನುವವರು ಶಾಲೆಯ ಕೊಠಡಿಯನ್ನು ನೆನೆದುಕೊಳ್ಳಲಿ. ಕಪಾಟಿನಲ್ಲಿ ಪುಸ್ತಕಗಳು ಎಷ್ಟೇ ಇರಲಿ, ಪಾಠ ನಡೆಯುವುದು ಕರಿಯ ಹಲಗೆಯ ಮೇಲೆ. ಕಪಾಟು ಡಿಸ್ಕು, ಹಲಗೆ ಸ್ಮೃತಿ. ಸಂಜೆಯ ಗಂಟೆ ಹೊಡೆದ ಮೇಲೆ ಹಲಗೆಯನ್ನು ಒರಸಿಬಿಡುವರು. ವಿದ್ಯುತ್ತು ನಿಂತೊಡನೆ ಸ್ಮೃತಿಯೂ ಹಾಗೆಯೇ ಬರಿದಾಗುವುದು. ಈಗ ಹಲಗೆ ಚಿಕ್ಕದು, ಲೆಕ್ಕ ದೊಡ್ಡದು ಎಂದುಕೊಳ್ಳೋಣ. ಉಪಾಧ್ಯಾಯನು ಮೂಲೆಯಲ್ಲಿದ್ದುದನ್ನು ಒಂದು ಪುಸ್ತಕಕ್ಕೆ ಇಳಿಸಿಕೊಂಡು, ಒರಸಿ, ಆ ಜಾಗದಲ್ಲಿ ಹೊಸದನ್ನು ಬರೆಯುವನು. ಅಷ್ಟರಲ್ಲಿ ಒರಸಿದ್ದೇ ಬೇಕಾಗುವುದು. ಪುಸ್ತಕ ನೋಡಿ ಅದನ್ನು ಮತ್ತೆ ಹಲಗೆಗೆ ಏರಿಸಬೇಕು, ಅದಕ್ಕಾಗಿ ಇನ್ನೊಂದನ್ನು ಒರಸಬೇಕು. ಲೆಕ್ಕ ತಪ್ಪುವುದಿಲ್ಲ, ಆದರೆ ಪಾಠದ ಅವಧಿಯೆಲ್ಲ ಒರಸುವುದರಲ್ಲಿಯೂ ಬರೆಯುವುದರಲ್ಲಿಯೂ ಕಳೆದುಹೋಗುವುದು. ಸ್ಮೃತಿ ಸಾಲದ ಯಂತ್ರವು ಮಾಡುವುದು ಇದನ್ನೇ. ಸ್ಮೃತಿಯಲ್ಲಿ ಹಿಡಿಸದ್ದನ್ನು ಡಿಸ್ಕಿನ ಒಂದು ಭಾಗಕ್ಕೆ ಸಾಗಿಸಿ, ಬೇಕಾದಾಗ ಹಿಂದಕ್ಕೆ ತರುವುದು. ಆ ಡಿಸ್ಕು ತಟ್ಟೆ ತಿರುಗುವ ಹಳೆಯ ಮಾದರಿಯದಾದರೆ ಕರಕರ ಶಬ್ದವು ಕೇಳುತ್ತಿರುವುದು, ಮನುಷ್ಯನು ಗಲ್ಲಕ್ಕೆ ಕೈಯಿಟ್ಟು ಕುಳಿತಿರುವನು. ನಮ್ಮ ಸೊಸೆಯು ನಾಲ್ಕು ಗಿಗಾಬೈಟಿನೊಡನೆ ಎಷ್ಟೋ ಇಪ್ಪತ್ತನೆಯ ತಾರೀಖುಗಳಲ್ಲಿ ರಾತ್ರಿ ಹನ್ನೊಂದರವರೆಗೆ ಕುಳಿತಿದ್ದದ್ದು ಹೀಗೆ. ಅವಳ ಲೆಕ್ಕ ನಿಧಾನವೆಂದು ನಾವು ತಿಳಿದಿದ್ದೆವು.

ಇನ್ನು ಅಳತೆ. ಹೌದು ಅಲ್ಲ ಎಂಬ ಎರಡರಲ್ಲಿ ಒಂದನ್ನು ಹಿಡಿದಿರುವ ಅತಿ ಚಿಕ್ಕ ಮನೆಗೆ ಬಿಟ್ ಎಂದು ಹೆಸರು. ಅಂತಹ ಎಂಟು ಸೇರಿದರೆ ಒಂದು ಬೈಟು. ಛಂದಸ್ಸನ್ನು ಓದಿದವರಿಗೆ ಇದು ಹೊಸದಲ್ಲ. ಲಘು ಗುರು ಎಂಬ ಎರಡೇ ಭೇದಗಳಿಂದ ಎಂಟಕ್ಷರದ ಅನುಷ್ಟುಪ್ಪಿನ ಪಾದವನ್ನು ಪಿಂಗಲನ ಪ್ರಸ್ತಾರಕ್ರಮದಲ್ಲಿ ಹರಡಿದರೆ ೨೫೬ ರೂಪಗಳಾಗುವುವು. ಒಂದು ಬೈಟು ತಾಳಬಲ್ಲ ರೂಪಗಳೂ ೨೫೬. ನಾಲ್ಕು ಪಾದಗಳನ್ನೂ ಕೂಡಿಸಿ ಮೂವತ್ತೆರಡು ಅಕ್ಷರಗಳಿಗೆ ಪ್ರಸ್ತಾರ ಮಾಡಿದರೆ ಬರುವ ಸಂಖ್ಯೆ ೪,೨೯,೪೯,೬೭,೨೯೬. ಹಿಂದಿನ ೩೨ ಬಿಟ್ಟಿನ ವ್ಯವಸ್ಥೆಗಳು ಸ್ಮೃತಿಯ ಒಂದೊಂದು ಬೈಟಿಗೂ ಮೂವತ್ತೆರಡು ಬಿಟ್ಟಿನ ಒಂದೊಂದು ವಿಳಾಸವನ್ನು ಕೊಡುತ್ತಿದ್ದುದರಿಂದ, ಸಾಮಾನ್ಯವಾಗಿ ಇಷ್ಟು ಬೈಟುಗಳನ್ನು ಮಾತ್ರ ಕರೆಯಬಲ್ಲವಾಗಿದ್ದವು. ಇದೇ ನಾಲ್ಕು ಗಿಗಾಬೈಟು. ವಿಂಡೋಸ್ ೧೧ ಎಂಬುದು ೬೪ ಬಿಟ್ಟಿನ ರೂಪದಲ್ಲಿ ಮಾತ್ರವೇ ಬಂದಿರುವುದು. ಹಳೆಯವರಿಗೆ ಗಗನವಾಗಿದ್ದ ಸಂಖ್ಯೆಯೇ ಹೊಸಬರಿಗೆ ನೆಲವಾಗಿದೆ.

ಈ ನೆಲವು ಹೇಗೆ ಏರುತ್ತ ಬಂತೆಂಬುದನ್ನು ನೋಡಿದರೆ ವಿನೋದವಾಗಿದೆ. ೧೯೯೫ರ ಆಗಸ್ಟಿನಲ್ಲಿ ಬಂದ ವಿಂಡೋಸ್ ೯೫ಕ್ಕೆ ವಿಧಿಸಿದ್ದ ಕನಿಷ್ಠ ಸ್ಮೃತಿ ೪ ಮೆಗಾಬೈಟು. ಗಿಗಾ ಅಲ್ಲ, ಅದರ ೧,೦೨೪ನೆಯ ಒಂದು ಪಾಲಾದ ಮೆಗಾ. ೨೦೦೧ರ ಅಕ್ಟೋಬರಿನ ವಿಂಡೋಸ್ ಎಕ್ಸ್‌ಪಿಗೆ ೬೪ ಮೆಗಾಬೈಟು, ೧೨೮ ಇದ್ದರೆ ಉತ್ತಮ ಎಂದರು. ೨೦೦೭ರ ಜನವರಿಯಲ್ಲಿ ಜನರ ಕೈಗೆ ಬಂದ ವಿಸ್ಟಾಗೆ ಅತಿ ಸರಳ ರೂಪದಲ್ಲಿಯೂ ೫೧೨, ಉಳಿದ ರೂಪಗಳಿಗೆ ೧ ಗಿಗಾಬೈಟು. ೨೦೦೯ರ ವಿಂಡೋಸ್ ೭, ೨೦೧೨ರ ವಿಂಡೋಸ್ ೮, ೨೦೧೫ರ ವಿಂಡೋಸ್ ೧೦, ಈ ಮೂರಕ್ಕೂ ಕಾಗದದ ಮೇಲಿನ ಸಂಖ್ಯೆ ಒಂದೇ: ೩೨ ಬಿಟ್ಟಿಗೆ ೧, ೬೪ ಬಿಟ್ಟಿಗೆ ೨ ಗಿಗಾಬೈಟು. ಆಮೇಲೆ ೨೦೨೧ರಲ್ಲಿ ನಾಲ್ಕು. ಇಪ್ಪತ್ತಾರು ವರ್ಷಗಳಲ್ಲಿ ಕನಿಷ್ಠವು ಸರಿಯಾಗಿ ೧,೦೨೪ ಪಾಲು ಹೆಚ್ಚಿದಂತಾಯಿತು.

ಇಲ್ಲಿ ಗಮನಿಸತಕ್ಕ ಅಂಶ ಮಧ್ಯದ ಆ ಮೂರರದು. ೨೦೦೯ರಿಂದ ೨೦೧೫ರವರೆಗೆ ವ್ಯವಸ್ಥೆಯು ಕೇಳಿದ್ದು ಅಷ್ಟೇ ಆದರೂ, ೨೦೦೯ರಲ್ಲಿ ಎರಡು ಗಿಗಾಬೈಟಿನೊಡನೆ ಸುಖವಾಗಿದ್ದ ಮನೆಗಳು ೨೦೧೫ರ ಹೊತ್ತಿಗೆ ಅಷ್ಟರಲ್ಲಿಯೇ ಏದುಸಿರು ಬಿಡುತ್ತಿದ್ದವು. ವ್ಯವಸ್ಥೆ ಬೆಳೆಯಲಿಲ್ಲ, ಅದರ ಮೇಲೆ ನಡೆಯುವ ಕೆಲಸ ಬೆಳೆಯಿತು. ಆದಕಾರಣ ಕಂಪೆನಿಯವರು ಅಚ್ಚುಹಾಕುವ ಕನಿಷ್ಠ ಸಂಖ್ಯೆಯು ವ್ಯವಸ್ಥೆ ತಾನು ಎದ್ದು ನಿಲ್ಲುವುದಕ್ಕೆ ಬೇಕಾದ ಜಾಗವೇ ಹೊರತು, ಎದ್ದು ನಿಂತ ಮೇಲೆ ಮನೆಯವರ ಕೆಲಸ ಮಾಡುವುದಕ್ಕೆ ಬೇಕಾದ ಜಾಗವಲ್ಲ. ಮನೆ ಕಟ್ಟುವಾಗ ಗೋಡೆ ನಿಲ್ಲುವಷ್ಟು ಅಗಲದ ನಿವೇಶನ ಸಾಕೆಂದು ಯಾರಾದರೂ ಕೊಂಡಾರೆಯೇ?

ಈ ಭೇದವನ್ನು ಮರೆಮಾಡಿದರೆ ಏನಾಗುವುದೆಂಬುದಕ್ಕೆ ವಿಸ್ಟಾದ ಕಾಲದಲ್ಲಿಯೇ ಒಂದು ದೊಡ್ಡ ಉದಾಹರಣೆ ನಡೆದುಹೋಗಿದೆ. ೨೦೦೬ರಲ್ಲಿ, ವಿಸ್ಟಾ ಇನ್ನೂ ಸಿದ್ಧವಾಗಿಲ್ಲದಿದ್ದಾಗ, ಅಮೆರಿಕದ ಅಂಗಡಿಗಳಲ್ಲಿ ಮಾರುತ್ತಿದ್ದ ಯಂತ್ರಗಳಿಗೆ ಇವು ವಿಸ್ಟಾಗೆ ಸಮರ್ಥವೆಂಬ ಅರ್ಥದ ಚೀಟಿಯನ್ನು ಅಂಟಿಸಿದರು. ಆ ಚೀಟಿಗೆ ೫೧೨ ಮೆಗಾಬೈಟು ಸ್ಮೃತಿ ಸಾಕಾಗಿತ್ತು. ಕೊಂಡವರು ಮನೆಗೆ ಒಯ್ದು ನೋಡಿದರೆ, ಜಾಹೀರಾತಿನಲ್ಲಿ ಹೊಳೆಯುತ್ತಿದ್ದ ಗಾಜಿನಂತಹ ಕಿಟಕಿಗಳು ಅವುಗಳಲ್ಲಿ ಎಷ್ಟೋ ಯಂತ್ರಗಳಲ್ಲಿ ಬರಲೇ ಇಲ್ಲ. ಅದಕ್ಕೆ ೧ ಗಿಗಾಬೈಟು ಸ್ಮೃತಿಯೂ, ಅದಕ್ಕಿಂತ ಮುಖ್ಯವಾಗಿ ಹೆಚ್ಚು ಬಲವಾದ ಚಿತ್ರಾಂಗವೂ ಬೇಕಾಗಿದ್ದವು. ೨೦೦೭ರಲ್ಲಿ ಸಿಯಾಟಲ್ ನಗರದ ನ್ಯಾಯಾಲಯದಲ್ಲಿ ಮೈಕ್ರೋಸಾಫ್ಟಿನ ಮೇಲೆ ದಾವೆ ನಡೆಯಿತು. ಮುಂದಿನ ವರ್ಷ ಬಹಿರಂಗವಾದ ಪತ್ರವ್ಯವಹಾರದಲ್ಲಿ, ಕಂಪೆನಿಯ ಉಪಾಧ್ಯಕ್ಷರಲ್ಲಿ ಒಬ್ಬರಾದ ಮೈಕ್ ನ್ಯಾಶ್ ಎಂಬವರೇ ೨,೧೦೦ ಡಾಲರು ಕೊಟ್ಟು ಕೊಂಡ ತಮ್ಮ ಯಂತ್ರ ಇ-ಮೇಲ್ ನೋಡುವುದಕ್ಕಷ್ಟೇ ಉಳಿಯಿತೆಂದು ಹೇಳಿಕೊಂಡಿದ್ದುದು ಕಂಡುಬಂತು. ೨೦೦೯ರಲ್ಲಿ ನ್ಯಾಯಾಧೀಶರು ಅದನ್ನು ಎಲ್ಲರ ಪರವಾದ ಒಂದೇ ದಾವೆಯಾಗಿ ಮುಂದುವರಿಸಲು ಒಪ್ಪದೆ ಹೋದರು. ಕಾನೂನಿನ ಮಾತು ಹಾಗಿರಲಿ. ಅಷ್ಟು ದೊಡ್ಡ ಅಧಿಕಾರಿಯೂ ಚೀಟಿಯನ್ನು ನಂಬಿ ನಮ್ಮಂತೆಯೇ ಮೋಸಹೋದರೆಂಬುದನ್ನು ಓದಿ, ನಾವು ಸ್ವಲ್ಪ ಸಮಾಧಾನ ತಂದುಕೊಂಡೆವೆಂಬುದನ್ನು ಮುಚ್ಚಿಡುವುದಿಲ್ಲ.

ಅದಿರಲಿ. ಇಷ್ಟೊಂದು ಸ್ಮೃತಿಯನ್ನು ಈ ಯಂತ್ರಗಳು ಮಾಡುವುದಾದರೂ ಏನು? ಈ ಸಂಶಯವು ನಮಗೆ ಬಹಳ ದಿನ ಇತ್ತು. ಕನ್ನಡದ ಅಥವಾ ದೇವನಾಗರಿಯ ಒಂದೊಂದು ಸಂಕೇತಕ್ಕೆ ಯೂನಿಕೋಡಿನ ಯುಟಿಎಫ್-೮ ಎಂಬ ಕ್ರಮದಲ್ಲಿ ಮೂರು ಬೈಟು ಹಿಡಿಯುವುದು. ಒತ್ತಕ್ಷರ, ಗುಣಿತಗಳಿಗೆ ಬೇರೆ ಸಂಕೇತಗಳಿರುವುದರಿಂದ ಒಂದು ಅಕ್ಷರಕ್ಕೆ ಸರಾಸರಿ ಒಂಬತ್ತು ಬೈಟೆಂದು ಧಾರಾಳವಾಗಿಯೇ ಹಿಡಿಯೋಣ. ಮಹಾಭಾರತವು ಲಕ್ಷ ಶ್ಲೋಕವೆಂಬುದು ರೂಢಿ. ಶ್ಲೋಕಕ್ಕೆ ಮೂವತ್ತೆರಡರಂತೆ ಮೂವತ್ತೆರಡು ಲಕ್ಷ ಅಕ್ಷರಗಳು; ಒಟ್ಟು ೨ ಕೋಟಿ ೮೮ ಲಕ್ಷ ಬೈಟು. ನಾಲ್ಕು ಗಿಗಾಬೈಟಿನಲ್ಲಿ ಇಂತಹ ಮಹಾಭಾರತವನ್ನು ಸುಮಾರು ನೂರೈವತ್ತು ಸಲ ಬರೆದಿಡಬಹುದು. ಹೀಗಿರಲಾಗಿ, ಒಂದು ವೃತ್ತಪತ್ರಿಕೆಯನ್ನು ಓದಲು ಅದು ಸಾಲದೆಂದರೆ ನಂಬುವುದು ಹೇಗೆ?

ಉತ್ತರವು ಚಿತ್ರದಲ್ಲಿದೆ. ಸಾಮಾನ್ಯವಾದ ತೆರೆಯೊಂದರಲ್ಲಿ ಅಡ್ಡಕ್ಕೆ ೧,೯೨೦, ಉದ್ದಕ್ಕೆ ೧,೦೮೦ ಚುಕ್ಕೆಗಳು. ಒಂದೊಂದು ಚುಕ್ಕೆಯ ಬಣ್ಣಕ್ಕೆ ನಾಲ್ಕು ಬೈಟು. ಗುಣಿಸಿದರೆ ೮೨,೯೪,೪೦೦. ತೆರೆಯ ಮೇಲೆ ಏನೂ ಇಲ್ಲದೆ ಬರಿಯ ನೀಲಿ ಬಣ್ಣ ತೋರುತ್ತಿದ್ದರೂ, ಅದನ್ನು ಹಿಡಿದಿಡುವುದಕ್ಕೇ ವಿಂಡೋಸ್ ೯೫ ಕೇಳುತ್ತಿದ್ದ ಒಟ್ಟು ಸ್ಮೃತಿಯ ಹತ್ತಿರ ಹತ್ತಿರ ಎರಡರಷ್ಟು ಬೇಕಾಯಿತು. ಮಗುವಿನ ನಾಮಕರಣದ ದಿನ ಕೈಫೋನಿನಲ್ಲಿ ಹಿಡಿದ ಒಂದು ಭಾವಚಿತ್ರ ಅಡ್ಡಕ್ಕೆ ೪,೦೦೦, ಉದ್ದಕ್ಕೆ ೩,೦೦೦ ಚುಕ್ಕೆಗಳಿದ್ದರೆ, ಡಿಸ್ಕಿನಲ್ಲಿ ಮಡಿಸಿಟ್ಟಾಗ ಅದು ಚಿಕ್ಕದಾಗಿಯೇ ಇರುವುದು. ನೋಡಲೆಂದು ಬಿಚ್ಚಿದಾಗ ೪ ಕೋಟಿ ೮೦ ಲಕ್ಷ ಬೈಟು ಹರಡಿಕೊಳ್ಳುವುದು. ಸೀರೆಯನ್ನು ಪೆಟ್ಟಿಗೆಯಲ್ಲಿಟ್ಟಾಗ ಹಿಡಿಯುವ ಜಾಗಕ್ಕೂ ಅಂಗಳದಲ್ಲಿ ಒಣಗಹಾಕಿದಾಗ ಹಿಡಿಯುವ ಜಾಗಕ್ಕೂ ಇರುವ ಭೇದದಂತೆ. ಮಗುವಿನ ಒಂದು ಚಿತ್ರವು ಇಡೀ ಮಹಾಭಾರತಕ್ಕಿಂತ ಹೆಚ್ಚು ಜಾಗವನ್ನು ಬೇಡುವುದು. ಅಜ್ಜಿಯರಿಗೆ ಇದರಲ್ಲಿ ಆಶ್ಚರ್ಯ ಕಾಣದಿರಬಹುದು.

ಇನ್ನೊಂದು ಕಾರಣ ರಕ್ಷಣೆಯದು. ಅಂತರ್ಜಾಲವನ್ನು ನೋಡುವ ಕ್ರೋಮ್ ಮೊದಲಾದ ಬ್ರೌಸರುಗಳು ನಾವು ತೆರೆದ ಪುಟಗಳನ್ನು ಒಂದೇ ಪಾತ್ರೆಗೆ ಸುರಿಯದೆ ಬೇರೆ ಬೇರೆ ಪಾತ್ರೆಗಳಲ್ಲಿ ಇಡುವುವು. ೨೦೧೮ರ ಜನವರಿಯಲ್ಲಿ ಸ್ಪೆಕ್ಟರ್ ಎಂಬ ದೋಷ ಬಯಲಾಯಿತು. ಪ್ರೊಸೆಸರಿನ ಒಂದು ಚಪಲತೆಯಿಂದ, ಕಳ್ಳ ಪುಟವೊಂದು ಅದೇ ಪಾತ್ರೆಯಲ್ಲಿರುವ ಇನ್ನೊಂದರ ಗುಟ್ಟನ್ನು ಊಹಿಸಿ ತಿಳಿಯಬಹುದೆಂದು ಗೊತ್ತಾಯಿತು. ಆ ವರ್ಷವೇ ಕ್ರೋಮಿನವರು ಒಂದೊಂದು ತಾಣಕ್ಕೂ ಪ್ರತ್ಯೇಕ ಪಾತ್ರೆಯೆಂಬ ಕಟ್ಟುಪಾಡನ್ನು ತಂದರು. ಅದರಿಂದ ಸ್ಮೃತಿಯ ಖರ್ಚು ನೂರಕ್ಕೆ ಹತ್ತರಿಂದ ಹದಿಮೂರರಷ್ಟು ಹೆಚ್ಚುವುದೆಂದು ತಾವಾಗಿಯೇ ಹೇಳಿದರು. ಬ್ಯಾಂಕಿನ ಪುಟವೂ, ಎಲ್ಲಿಯದೋ ಆಟದ ಪುಟವೂ ಒಂದೇ ಲೋಟದಲ್ಲಿ ಕುಡಿಯಬಾರದೆಂಬ ಮಡಿ ಇದು. ಹೊಸ ವ್ಯವಸ್ಥೆಗಳು ಸ್ಮೃತಿಯನ್ನು ತಿನ್ನುವುದೆಲ್ಲ ಸೋಮಾರಿತನದಿಂದ ಎಂದು ನಾವು ಮೊದಲು ಬಯ್ಯುತ್ತಿದ್ದೆವು. ಸೋಮಾರಿತನವೂ ಉಂಟು, ನಿಜ; ಆದರೆ ಎಲ್ಲವೂ ಅದಲ್ಲ.

ದೀಪಾವಳಿಗೆ ಊರಿಗೆ ಬಂದಿದ್ದ ನಮ್ಮ ಹಳೆಯ ಶಿಷ್ಯನೊಬ್ಬನು ಮನ್ನಿಸಿ ಮನೆಗೆ ಬಂದನು. ಬೆಂಗಳೂರಿನಲ್ಲಿ ಇದೇ ಕಸುಬಿನವನು. ನಾವು, "ಏನಪ್ಪ, ಮನೆಯೊಂದಕ್ಕೆ ಎಷ್ಟು ಮೆಮೊರಿ ಬೇಕು, ಒಂದೇ ಮಾತಿನಲ್ಲಿ ಹೇಳು" ಎಂದೆವು. "ನನ್ನನ್ನ ಕೇಳಬೇಡಿ ಮೇಷ್ಟ್ರೇ, ಯಂತ್ರವನ್ನೇ ಕೇಳೋಣ" ಎಂದು ಆತನು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿಸಿದನು. ಟಾಸ್ಕ್ ಮ್ಯಾನೇಜರ್ ಎಂಬ ಪುಟ ತೆರೆಯಿತು. ಅದರಲ್ಲಿ ಪರ್ಫಾರ್ಮೆನ್ಸ್ ಎಂಬ ವಿಭಾಗದೊಳಗೆ ಮೆಮೊರಿ ಎಂಬುದನ್ನು ಮುಟ್ಟಿದರೆ, ಈಗ ಎಷ್ಟು ಬಳಕೆಯಲ್ಲಿದೆ, ಎಷ್ಟು ಉಳಿದಿದೆ, ಸ್ಮೃತಿಯ ತುಂಡು ಕೂಡಿಸುವ ಮನೆಗಳು ಎಷ್ಟಿವೆ, ಎಷ್ಟು ತುಂಬಿವೆ, ಎಲ್ಲವೂ ಬರೆದಿದೆ. ಹತ್ತು ವರ್ಷಗಳಿಂದ ಆ ಪುಟ ನಮ್ಮ ಮನೆಯಲ್ಲಿಯೇ ಇತ್ತು.

ಏನನ್ನೂ ತೆರೆಯದೆ ನೋಡಿದಾಗ ಎರಡೂವರೆ ಗಿಗಾಬೈಟು ಖರ್ಚಾಗಿತ್ತು. "ಈಗಲೇ ಬರೆದುಕೊಳ್ಳಬೇಡಿ" ಎಂದು ಶಿಷ್ಯನು ತಡೆದನು. ಏಕಾದಶಿಯ ದಿನ ಅಡಿಗೆಮನೆಯನ್ನು ನೋಡಿ ಪಾತ್ರೆಗಳನ್ನು ಕೊಳ್ಳಬಾರದಷ್ಟೆ. ಸೊಸೆಯನ್ನು ಕರೆದು, ಇಪ್ಪತ್ತನೆಯ ತಾರೀಖಿನಂದು ಏನೇನು ತೆರೆದಿರುವಳೋ ಅದನ್ನೆಲ್ಲ ತೆರೆಯಿಸಿದನು: ಲೆಕ್ಕದ ತಂತ್ರಾಂಶ, ತೆರಿಗೆಯ ತಾಣ, ಎರಡು ಬ್ಯಾಂಕುಗಳ ಪುಟ, ಅಂಗಡಿಯವರು ಕಳುಹಿಸಿದ ರಶೀತಿಗಳ ಚಿತ್ರಗಳು. ಸಂಖ್ಯೆ ಏರುತ್ತ ಐದು ಮುಕ್ಕಾಲಿಗೆ ಬಂದು ನಿಂತಿತು. ಮೊಮ್ಮಗನು ತನ್ನ ಪಾಠದ ಚಲಚ್ಚಿತ್ರವನ್ನೂ ತೆರೆದಾಗ ಆರೂವರೆಯನ್ನು ದಾಟಿತು. ನಾಲ್ಕು ಗಿಗಾಬೈಟಿದ್ದಾಗ ಆ ಯಂತ್ರವು ಏಕೆ ನರಳುತ್ತಿತ್ತೆಂಬುದು ಇಬ್ಬರ ಸಾಕ್ಷಿಯೂ ಇಲ್ಲದೆ ಇತ್ಯರ್ಥವಾಯಿತು. ಅಂಗಡಿಯ ತರುಣನು ಹೇಳಿದ ಕಾರಣ ತಪ್ಪು, ಹಾಕಿದ ತುಂಡು ಸರಿ.

ಓದುವಾಗ ಒಂದು ಎಚ್ಚರಿಕೆ ಬೇಕು. ಸ್ಮೃತಿ ಖಾಲಿ ಬಿದ್ದಿದ್ದರೆ ವಿಂಡೋಸು ಸುಮ್ಮನಿರದೆ, ಮುಂದೆ ಬೇಕಾಗಬಹುದಾದುದನ್ನು ಡಿಸ್ಕಿನಿಂದ ತಂದು ಅಲ್ಲಿ ಇಟ್ಟುಕೊಳ್ಳುವುದು. ಬೇರೆಯವರು ಜಾಗ ಕೇಳಿದರೆ ಕೂಡಲೆ ಬಿಟ್ಟುಕೊಡುವುದು. ಯಂತ್ರದಲ್ಲಿ ಸ್ಮೃತಿ ಹೆಚ್ಚಾದಷ್ಟೂ ವ್ಯವಸ್ಥೆಯು ಕೈ ನೀಡಿ ಖರ್ಚುಮಾಡುವುದು. ಆದ್ದರಿಂದ ಹದಿನಾರಿರುವ ನೆರೆಮನೆಯಲ್ಲಿ ಏನೂ ತೆರೆಯದೆ ಐದು ಖರ್ಚಾಗಿರುವುದನ್ನು ನೋಡಿ ನಮಗೆ ಐದು ಸಾಲದೆಂದು ಭಯಪಡಬೇಕಾಗಿಲ್ಲ. ಕೆಲಸದ ಹೊತ್ತಿನಲ್ಲಿ ಉಳಿದಿರುವುದೆಷ್ಟು ಎಂಬುದನ್ನು ನೋಡಬೇಕು. ಅದು ಅರ್ಧ ಗಿಗಾಬೈಟಿನ ಕೆಳಗೆ ಇಳಿದು, ಡಿಸ್ಕು ಬಿಡುವಿಲ್ಲದೆ ಓಡುತ್ತಿದ್ದರೆ ಸ್ಮೃತಿ ಸಾಲದು. ಸಾಕಷ್ಟು ಉಳಿದಿದ್ದೂ ಯಂತ್ರ ನಿಧಾನವಾದರೆ ದೋಷ ಬೇರೆ ಕಡೆ ಇದೆ, ಅನೇಕ ವೇಳೆ ಆ ತಿರುಗುವ ಡಿಸ್ಕಿನಲ್ಲಿಯೇ. ನಮ್ಮದಕ್ಕೆ ಎಸ್‌ಎಸ್‌ಡಿ ಎಂಬ, ತಿರುಗದ ಡಿಸ್ಕನ್ನು ಶಿಷ್ಯನು ಮರುದಿನ ತಾನೇ ತಂದು ಕೂಡಿಸಿದನು. ಬೆಲೆಯನ್ನು ಬಲವಂತವಾಗಿ ಕೊಡಬೇಕಾಯಿತು.

ಒಟ್ಟಿನಲ್ಲಿ ವಿಂಡೋಸ್ ೧೧ ಇರುವ ಹೊಸ ಯಂತ್ರವನ್ನು ಕೊಳ್ಳುವವರಿಗೆ ನಮ್ಮ ಅಭಿಪ್ರಾಯ ಹೀಗೆ: ನಾಲ್ಕು ಗಿಗಾಬೈಟಿನದನ್ನು ಯಾರು ಕಡಮೆಗೆ ಕೊಟ್ಟರೂ ಕೊಳ್ಳಬಾರದು. ಕಾಗದ ಬರೆದು, ಪತ್ರಿಕೆ ಓದಿ, ಒಂದು ಸಲಕ್ಕೆ ಒಂದು ಕೆಲಸ ಮಾಡುವ ನಮ್ಮಂತಹವರಿಗೆ ಎಂಟು ಸಾಕು. ಸೊಸೆಯಂತೆ ಅದರಿಂದ ಜೀವನ ನಡೆಸುವವರು, ಐದಾರು ವರ್ಷ ಮತ್ತೆ ಕೈಹಾಕಬಾರದೆನ್ನುವವರು ಹದಿನಾರಕ್ಕೆ ಹೋಗುವುದು ಲೇಸು. ಮೈಕ್ರೋಸಾಫ್ಟಿನವರೇ ೨೦೨೪ರಲ್ಲಿ ಕೃತಕ ಬುದ್ಧಿಯ ಕೆಲಸಗಳಿಗಾಗಿ ಹೆಸರಿಸಿದ ಕೋಪೈಲಟ್ ಪ್ಲಸ್ ಎಂಬ ಯಂತ್ರಗಳಿಗೆ ಹದಿನಾರನ್ನೇ ಕನಿಷ್ಠವಾಗಿ ವಿಧಿಸಿದರು. ಅದೇ ವರ್ಷ ಆಪಲ್ ಕಂಪೆನಿಯು ತನ್ನ ಮ್ಯಾಕ್ ಯಂತ್ರಗಳ ಆರಂಭದ ಮಟ್ಟವನ್ನು ಎಂಟರಿಂದ ಹದಿನಾರಕ್ಕೆ ಏರಿಸಿತು. ಗಾಳಿ ಬೀಸುವ ದಿಕ್ಕು ಇದರಿಂದ ತಿಳಿಯುವುದು. ಮೂವತ್ತೆರಡು ಬೇಕೆಂದು ಅಂಗಡಿಯವನು ಹೇಳಿದರೆ, ಯಾವ ಕೆಲಸಕ್ಕೆ ಎಂದು ಕೇಳಿರಿ.

ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ಸ್ಮೃತಿಯನ್ನು ಬೆಸುಗೆಹಾಕಿಯೇ ಕೂಡಿಸಿರುವರು, ಆಮೇಲೆ ಹೆಚ್ಚಿಸುವಂತಿಲ್ಲ. ಇದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು. ತೆಗೆದು ಹಾಕಬಹುದಾದ ತುಂಡುಗಳಲ್ಲಿಯೂ ಡಿಡಿಆರ್ ೩, ೪, ೫ ಎಂಬ ಜಾತಿಭೇದವುಂಟು. ಒಂದರ ಕಚ್ಚು ಇನ್ನೊಂದರ ಮನೆಗೆ ಕೂಡುವುದಿಲ್ಲ. ಬೆಲೆಯ ವಿಷಯ ಇನ್ನೂ ಕಷ್ಟ. ೨೦೨೫ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಯ ದೊಡ್ಡ ದೊಡ್ಡ ಗಣಕಾಗಾರಗಳಿಗಾಗಿ ಸ್ಮೃತಿಗೆ ಬೇಡಿಕೆ ಉಕ್ಕಿ, ಕಾರ್ಖಾನೆಗಳವರು ಆ ಕಡೆಗೆ ತಿರುಗಿದ್ದರಿಂದ ಮನೆಬಳಕೆಯ ತುಂಡುಗಳ ಬೆಲೆ ಬಹಳ ಏರಿತು. ಮೈಕ್ರಾನ್ ಕಂಪೆನಿಯು ಕ್ರೂಷಿಯಲ್ ಎಂಬ ಹೆಸರಿನಲ್ಲಿ ಜನಸಾಮಾನ್ಯರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಆ ಡಿಸೆಂಬರಿನಲ್ಲಿ ಪ್ರಕಟಿಸಿತು. ನಮ್ಮ ಸಾವಿರದ ಎಂಟುನೂರರ ತುಂಡಿಗೆ ಸಂಕ್ರಾಂತಿಯ ಹೊತ್ತಿಗೆ ಇನ್ನೊಂದು ಅಂಗಡಿಯಲ್ಲಿ ಕುತೂಹಲಕ್ಕಾಗಿ ಕೇಳಿದಾಗ, ಅದರ ಎರಡರಷ್ಟಕ್ಕೂ ಮೇಲೆ ಹೇಳಿದರು. ದುಡುಕಿ ಕೊಂಡದ್ದು ಹೀಗೆ ಲಾಭವಾಗಿ ಪರಿಣಮಿಸಿದ್ದು ನಮ್ಮ ಜಾಣತನದಿಂದಲ್ಲ.

ಹಳೆಯ ಯಂತ್ರವನ್ನು ಉಳಿಸಿಕೊಳ್ಳುವವರಿಗೆ ಬೇರೆ ದಾರಿಗಳೂ ಇವೆ. ಲಿನಕ್ಸ್ ಮಿಂಟ್ ಎಂಬ ಉಚಿತವಾದ ವ್ಯವಸ್ಥೆಗೆ ಕನಿಷ್ಠ ಎರಡು ಗಿಗಾಬೈಟು, ನೆಮ್ಮದಿಗೆ ನಾಲ್ಕು ಸಾಕೆಂದು ಅದರವರು ಹೇಳುವರು. ಅದನ್ನು ಒಂದು ಪೆನ್‌ಡ್ರೈವಿನಿಂದಲೇ ನಡೆಯಿಸಿ, ಯಂತ್ರದೊಳಗಿನ ಏನನ್ನೂ ಮುಟ್ಟದೆ ಪರೀಕ್ಷಿಸಬಹುದು. ನಾವು ನಮ್ಮ ಪದಗಳ ಪಟ್ಟಿಯನ್ನು ಅದರಲ್ಲಿ ತೆರೆದು ನೋಡಿದೆವು, ಒತ್ತಕ್ಷರವೊಂದೂ ಕೆಡಲಿಲ್ಲ. ಸೊಸೆಯ ಲೆಕ್ಕದ ತಂತ್ರಾಂಶ ಮಾತ್ರ ವಿಂಡೋಸನ್ನೇ ಬಯಸುವುದು. ವಿಂಡೋಸ್ ೧೦ಕ್ಕೆ ರಕ್ಷಣೆಯ ತಿದ್ದುಪಡಿಗಳನ್ನು ೨೦೨೬ರ ಅಕ್ಟೋಬರ್ ೧೩ರವರೆಗೆ, ಹೆಸರು ಕೊಟ್ಟವರಿಗೆ, ಇನ್ನೊಂದು ವರ್ಷ ಮುಂದುವರಿಸುವುದಾಗಿ ಕಂಪೆನಿಯವರು ಪ್ರಕಟಿಸಿದ್ದರು. ಅವಳು ಹೆಸರು ಕೊಟ್ಟಳು. ಐವತ್ತೈದು ಸಾವಿರ ಬ್ಯಾಂಕಿನಲ್ಲಿಯೇ ಉಳಿಯಿತು. ಗಡುವು ಮುಗಿದೊಡನೆ ಅವಳಿಗೆ ಹದಿನಾರರ ಯಂತ್ರ, ಹಳೆಯದು ಮಿಂಟಿನೊಡನೆ ನಮಗೆ ಎಂದು ಮನೆಯಲ್ಲಿ ಅಂದೇ ತೀರ್ಮಾನವಾಯಿತು. ಮೊಮ್ಮಗನಿಗೆ ಯಾವುದು ಎಂಬ ಪ್ರಶ್ನೆಯನ್ನು ಅವನೊಬ್ಬನೇ ಎತ್ತಿದನು, ಯಾರೂ ಉತ್ತರ ಹೇಳಲಿಲ್ಲ.

ಇದನ್ನು ಬರೆದು ಮುಗಿಸುವ ಹೊತ್ತಿಗೆ ಹತ್ತೊಂಬತ್ತನೆಯ ತಾರೀಖಿನ ಸಂಜೆಯಾಗಿದೆ. ಸೊಸೆಯು ರಶೀತಿಗಳ ಕಟ್ಟನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುವಳು. ಮೂರು ಕೀಲಿಗಳನ್ನು ಒತ್ತಿ ನೋಡಿದರೆ ಐದೂವರೆ ಗಿಗಾಬೈಟು ಬಳಕೆಯಲ್ಲಿದೆ. ಈ ಲೇಖನದ ಪಾಲು ಅದರಲ್ಲಿ ಲೆಕ್ಕಕ್ಕೆ ಬರುವಷ್ಟಿಲ್ಲ. ಮೊಮ್ಮಗನು ತೆರೆದಿಟ್ಟು ಆಡಲು ಹೋಗಿರುವ ಹದಿನೇಳು ಪುಟಗಳನ್ನು ಒಂದೊಂದಾಗಿ ಮುಚ್ಚಿ ನಾವು ಏಳುತ್ತೇವೆ.